ಖಜಾನೆಯವರಿಗೆ ಸಿಗದ ಮೇಲ್

ಲಿಫ್ಟುಗಳ ರಿಪೇರಿ ನೋಡಿಕೊಳ್ಳುವ ಆ ಕಂಪನಿಯ ಎರಡನೇ ಮಹಡಿಯಲ್ಲಿ, ಕುಡಿಯುವ ನೀರಿನ ಕ್ಯಾನಿನ ಪಕ್ಕ ಕೂರುತ್ತಿದ್ದ ಪತ್ರವ್ಯವಹಾರದ ಗುಮಾಸ್ತರನ್ನು ಎಲ್ಲರೂ ಖಜಾನೆ ಎಂದೇ ಕರೆಯುತ್ತಿದ್ದರು. ದುಡ್ಡಿಗೂ ಅವರಿಗೂ ಏನೂ ಸಂಬಂಧವಿರಲಿಲ್ಲ. ಯಾವ ಕಟ್ಟಡದವರು ಯಾವಾಗ ಏನು ಬರೆದಿದ್ದರು, ಅದಕ್ಕೆ ಕಂಪನಿ ಏನು ಉತ್ತರ ಕೊಟ್ಟಿತ್ತು ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಮನೆಯಲ್ಲಿ ಮಾತ್ರ ಕಥೆ ಬೇರೆ. ಒಂದೇ ವರ್ಷದಲ್ಲಿ ನಾಲ್ಕು ಛತ್ರಿ ಕಳೆದ ಮಹಾನುಭಾವರು ಎಂದು ಹೆಂಡತಿ ಬಂದವರ ಮುಂದೆಲ್ಲ ಹೇಳುತ್ತಿದ್ದಳು.

ಕಚೇರಿಗೆಲ್ಲ ಇದ್ದದ್ದು ಒಂದೇ ಮೇಲ್ ವಿಳಾಸ, ಅದು ತೆರೆದುಕೊಳ್ಳುತ್ತಿದ್ದದ್ದು ಖಜಾನೆಯವರ ಕಂಪ್ಯೂಟರಿನಲ್ಲಿ. ಬೇಕಾದವರು ಅವರ ಮೇಜಿಗೆ ಬಂದು, ನಿಂತೇ ಓದಿ, ನಿಂತೇ ಉತ್ತರ ಟೈಪು ಮಾಡಿ ಹೋಗುತ್ತಿದ್ದರು. ಸಂಜೆ ಐದೂವರೆಗೆ ಖಜಾನೆಯವರು ಅಂದು ಬಂದದ್ದು, ಹೋದದ್ದು ಎಲ್ಲವನ್ನೂ ಒಂದೊಂದಾಗಿ ಎಳೆದು ಆಯಾ ಕಟ್ಟಡದ ಫೋಲ್ಡರಿಗೆ ಹಾಕುತ್ತಿದ್ದರು. ಬೆಳಿಗ್ಗೆ ಬಂದಾಗ ಮೇಲ್ ಪೆಟ್ಟಿಗೆ ಖಾಲಿ ಇರಬೇಕು, ಇಲ್ಲದಿದ್ದರೆ ಅವರಿಗೆ ಕಾಫಿಯೂ ರುಚಿಸುತ್ತಿರಲಿಲ್ಲ.

ಆ ಮೇಲ್ ಪ್ರೋಗ್ರಾಮಿನಲ್ಲಿ ಹುಡುಕುವ ಸೌಲಭ್ಯ ಇತ್ತು, ಆದರೆ ಅದನ್ನು ಯಾರೂ ನಂಬುತ್ತಿರಲಿಲ್ಲ. ಅಂದು ಬಂದದ್ದನ್ನು ಹುಡುಕಿದರೆ ತಟ್ಟನೆ ತೋರಿಸುತ್ತಿತ್ತು, ಹೋದ ವಾರದ್ದನ್ನು ಕೇಳಿದರೆ ಏನೂ ಸಿಗಲಿಲ್ಲ ಎನ್ನುತ್ತಿತ್ತು. ಮ್ಯಾನೇಜರು ಎರಡು ಸಲ ಕಂಪ್ಯೂಟರು ರಿಪೇರಿಯವನನ್ನು ಕರೆಸಿದ್ದರು. ಅವನು ತನಗೆ ತಾನೇ ಒಂದು ಮೇಲ್ ಕಳಿಸಿಕೊಂಡು, ಅದನ್ನು ಹುಡುಕಿ, ಸಿಕ್ಕಿತಲ್ಲ ಎಂದು ಹೇಳಿ ಹೊರಟುಹೋಗಿದ್ದ.

ಕಾರಣ ಗೊತ್ತಿದ್ದದ್ದು ಖಜಾನೆಯವರೊಬ್ಬರಿಗೇ. ಏಳು ವರ್ಷದ ಹಿಂದೆ ಕಂಪ್ಯೂಟರು ಆಮೆಯಾಗಿದ್ದಾಗ, ಹುಡುಕಾಟದ ಸೆಟ್ಟಿಂಗಿನಲ್ಲಿ ಕಟ್ಟಡಗಳ ಫೋಲ್ಡರಿನ ಮುಂದಿದ್ದ ಟಿಕ್ಕನ್ನು ಅವರೇ ತೆಗೆದಿದ್ದರು; ಟಿಕ್ಕಿಲ್ಲದ ಫೋಲ್ಡರಿನೊಳಗೆ ಹುಡುಕಾಟ ಇಣುಕುತ್ತಿರಲಿಲ್ಲ. ಒಂದು ದಿನದ ಮಟ್ಟಿಗೆ, ಅಷ್ಟೇ. ಮಾರನೆಯ ದಿನ ಮೂರು ಜನ ಅವರ ಮೇಜಿಗೆ ಬಂದು ಹಳೆಯ ಮೇಲುಗಳ ಬಗ್ಗೆ ಕೇಳಿದರು. ಮೂವರಿಗೂ ಅವರು ಕಣ್ಣು ಮುಚ್ಚಿ ಉತ್ತರ ಹೇಳಿದರು. ಮೂವರೂ ಬಾಯಿಬಿಟ್ಟು ನೋಡಿದರು. ಅದುವರೆಗೆ ಅವರನ್ನು ಯಾರೂ ಹಾಗೆ ನೋಡಿರಲಿಲ್ಲ. ಟಿಕ್ಕನ್ನು ನಾಳೆ ಹಾಕಿದರಾಯಿತು ಎಂದುಕೊಂಡರು. ನಾಳೆ ಎನ್ನುವುದು ಏಳು ವರ್ಷವಾಯಿತು. ಅದರಿಂದ ಯಾರಿಗೇನು ನಷ್ಟ ಎಂದು ತಮಗೆ ತಾವೇ ಹೇಳಿಕೊಂಡು ಅವರು ಹಾಯಾಗಿದ್ದರು.

ನಷ್ಟವಾದದ್ದು ದೂರಿನಕ್ಕನಿಗೆ. ಗಿರಾಕಿಗಳ ದೂರು ಬರೆದುಕೊಂಡು ಮೆಕ್ಯಾನಿಕ್ಕುಗಳನ್ನು ಕಳಿಸುವ ಕೆಲಸ ಆಕೆಯದು. ವಯಸ್ಸು ನಲವತ್ತು ದಾಟಿತ್ತು, ಮಾತು ಕಡಿಮೆ. ಒಂದು ಹತ್ತಂತಸ್ತಿನ ಕಟ್ಟಡದಲ್ಲಿ ಲಿಫ್ಟಿನ ಬಾಗಿಲು ಕಚ್ಚಿಕೊಂಡು, ವಯಸ್ಸಾದವರೊಬ್ಬರು ಎರಡು ತಾಸು ಒಳಗೇ ಸಿಕ್ಕಿಬಿದ್ದರು. ಪ್ರಾಣಕ್ಕೇನೂ ಆಗಲಿಲ್ಲ, ಆದರೆ ಕಟ್ಟಡದವರು ಕಚೇರಿಗೆ ಬಂದು ಕೂಗಾಡಿದರು. ಬಾಗಿಲು ಸರಿಯಿಲ್ಲ ಎಂದು ಅವರು ತಿಂಗಳ ಹಿಂದೆಯೇ ಫೋನು ಮಾಡಿದ್ದರು. ಯಾರನ್ನೂ ಯಾಕೆ ಕಳಿಸಲಿಲ್ಲ ಎಂದು ಮ್ಯಾನೇಜರು ಗದರಿದಾಗ, ತಾನು ಆಗಲೇ ಮೇಲ್ ಬರೆದು ಕೇಳಿದ್ದೆ, ಊರಿನಲ್ಲಿಲ್ಲದಿದ್ದ ನೀವು, ಮೆಕ್ಯಾನಿಕ್ಕು ತಿಂಗಳ ಸರ್ವೀಸಿಗೆ ಹೋದಾಗ ನೋಡಲಿ ಎಂದು ಫೋನಿನಿಂದಲೇ ಉತ್ತರಿಸಿದ್ದಿರಿ ಎಂದು ಆಕೆ ಹೇಳಿದಳು. ಮ್ಯಾನೇಜರಿಗೆ ಅಂಥದ್ದೇನೂ ನೆನಪಿರಲಿಲ್ಲ, ಅವರ ಫೋನೂ ಅಷ್ಟರಲ್ಲಿ ಬದಲಾಗಿತ್ತು. ಹುಡುಕಿ ನೋಡಿದರೆ ಏನೂ ಸಿಗಲಿಲ್ಲ ಎಂದು ಬಂತು. ಆಮೇಲೆ ಇಬ್ಬರೂ ಖಜಾನೆಯವರ ಮುಖ ನೋಡಿದರು.

ಖಜಾನೆಯವರು ಕಣ್ಣು ಮುಚ್ಚಿದರು. ಆ ಕಟ್ಟಡದ ಫೋಲ್ಡರನ್ನು ಮನಸ್ಸಿನಲ್ಲೇ ಮೇಲಿನಿಂದ ಕೆಳಗೆ ತಿರುವಿ ಹಾಕಿದರು. "ಅಂಥದ್ದು ಬಂದಿಲ್ಲ ಸರ್" ಎಂದರು.

ಅವರ ಮಾತಿಗೆ ಎದುರು ಮಾತಿರಲಿಲ್ಲ. ದೂರಿನಕ್ಕನಿಗೆ ಎಚ್ಚರಿಕೆಯ ಪತ್ರ ಕೈಸೇರಿತು, ಸೋಮವಾರದಿಂದ ನೆಲಮಾಳಿಗೆಯ ಬಿಡಿಭಾಗಗಳ ಗೋದಾಮಿಗೆ ವರ್ಗ ಎಂದು ತೀರ್ಮಾನವೂ ಆಯಿತು. ಅಲ್ಲಿ ಕಿಟಕಿಯಿಲ್ಲ, ಗ್ರೀಸಿನ ಡಬ್ಬಗಳ ನಡುವೆ ಒಂದು ಸ್ಟೂಲು ಇದೆ. ಇನ್ನೊಂದು ಪತ್ರ ಬಂದರೆ ಮನೆಗೇ ಎಂದು ಎಲ್ಲರಿಗೂ ಗೊತ್ತಿತ್ತು.

ಶುಕ್ರವಾರ ಬೆಳಿಗ್ಗೆ ಆಕೆ ಡ್ರಾಯರು ಖಾಲಿ ಮಾಡುತ್ತಿದ್ದಳು. ಖಜಾನೆಯವರು ನೀರು ಹಿಡಿಯುವ ನೆಪದಲ್ಲಿ ಎದ್ದು ನಿಂತಿದ್ದರು. ಜಗಳವಾಡುತ್ತಾಳೆ ಎಂದುಕೊಂಡಿದ್ದರು, ಆಕೆ ಆಡಲಿಲ್ಲ.

"ನೀವೇ ಇಲ್ಲ ಅಂದ್ಮೇಲೆ ಇರಲ್ಲ ಬಿಡಿ ಸರ್," ಎಂದಳು. "ನಾನು ಬರೆದಿದ್ದು, ಓದಿದ್ದು ಎಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ತಲೆ ಏನಾದ್ರೂ ಕೆಟ್ಟಿದ್ಯಾ ಅಂತ ಡಾಕ್ಟರ ಹತ್ರ ಹೋಗಬೇಕು ಅಂತಿದ್ದೀನಿ."

ಲೋಟ ತುಂಬಿ ನೀರು ಚೆಲ್ಲಿದ್ದು ಖಜಾನೆಯವರಿಗೆ ತಿಳಿಯಲಿಲ್ಲ. ಆಕೆ ಬೈದಿದ್ದರೆ ಅವರು ತಿರುಗಿ ಬೈದು ಹಗುರಾಗುತ್ತಿದ್ದರು. ತಮ್ಮ ತಲೆಯನ್ನು ನಂಬಿ ಇನ್ನೊಬ್ಬಳು ತನ್ನ ತಲೆಯನ್ನೇ ಸಂಶಯಿಸುತ್ತಿದ್ದಾಳೆ ಎಂಬುದು ಅವರಿಗೆ ಸಹಿಸಲಾಗಲಿಲ್ಲ.

ಕುರ್ಚಿಗೆ ಬಂದವರೇ ಸೆಟ್ಟಿಂಗು ತೆರೆದರು. ಏಳು ವರ್ಷ ಖಾಲಿಯಿದ್ದ ಚೌಕಕ್ಕೆ ಟಿಕ್ ಹಾಕಿ, ಕೆಳಗಿದ್ದ ಹೊಸದಾಗಿ ಪಟ್ಟಿ ಮಾಡು ಎಂಬುದನ್ನು ಒತ್ತಿದರು. ಎಂಬತ್ತನಾಲ್ಕು ಸಾವಿರ ಮೇಲ್ ಬಾಕಿ ಎಂದು ತೋರಿಸಿತು. ಕಂಪ್ಯೂಟರು ಏದುಸಿರು ಬಿಡತೊಡಗಿತು. ಬಂದವರಿಗೆಲ್ಲ ಇವತ್ತು ಮೇಲ್ ಆಗುವುದಿಲ್ಲ ಎಂದು ಹೇಳಿ ಕಳಿಸಿದರು. ಹೆಂಡತಿ ಕಟ್ಟಿಕೊಟ್ಟ ಬುತ್ತಿಯನ್ನು ಬಿಚ್ಚಲೇ ಇಲ್ಲ. ಮೂರೂಮುಕ್ಕಾಲಿಗೆ ಬಾಕಿ ಸೊನ್ನೆಯಾಯಿತು.

ಬಾಗಿಲು ಎಂದು ಟೈಪು ಮಾಡಿ ಆ ತಿಂಗಳನ್ನು ಆರಿಸಿದರು. ಮೇಲಿಂದ ಮೂರನೆಯದೇ ಅದು. ಆಕೆಯ ಪ್ರಶ್ನೆ, ಅದರ ಕೆಳಗೆ ಮ್ಯಾನೇಜರ ಒಂದು ಸಾಲಿನ ಉತ್ತರ. ಎರಡೂ ಇದ್ದದ್ದು ಬೇರೊಂದು ಕಟ್ಟಡದ ಫೋಲ್ಡರಿನಲ್ಲಿ, ಅದೇ ಬೀದಿಯ ಪಕ್ಕದ ಕಟ್ಟಡದ್ದರಲ್ಲಿ. ಸಂಜೆ ಐದೂವರೆಯ ಅವಸರದಲ್ಲಿ ಅಲ್ಲಿಗೆ ಎಳೆದು ಹಾಕಿದವರು ಬೇರೆ ಯಾರೂ ಅಲ್ಲ, ತಾವೇ.

ಅಳಿಸಲು ಒಂದು ಕೀಲಿ ಸಾಕಿತ್ತು. ಅದು ಅವರಿಗೆ ಹೊಳೆಯಲಿಲ್ಲ ಎಂದರೆ ಸುಳ್ಳಾಗುತ್ತದೆ. ನಿವೃತ್ತಿಗೆ ಮೂರೇ ವರ್ಷ ಉಳಿದಿತ್ತು. ಆದರೂ ಪ್ರಿಂಟು ತೆಗೆದುಕೊಂಡು ಮ್ಯಾನೇಜರ ಕೋಣೆಗೆ ಹೋದರು. ಟಿಕ್ಕಿನ ವಿಷಯವನ್ನೂ, ಏಳು ವರ್ಷವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದರು.

ಮ್ಯಾನೇಜರು ಆ ಒಂದು ಸಾಲನ್ನು ತುಂಬ ಹೊತ್ತು ಓದಿದರು.

"ನಾನು ಇದನ್ನ ಬರೆದಿದ್ದೇ ನೆನಪಿಲ್ಲ ಕಣ್ರೀ."

"ನಂಗೂ ಇರ್ಲಿಲ್ಲ ಸರ್," ಎಂದರು ಖಜಾನೆಯವರು. "ಆದ್ರೆ ನಾನು ಇಲ್ಲ ಅಂದೆ."

ದೂರಿನಕ್ಕನ ಎಚ್ಚರಿಕೆಯ ಪತ್ರ ವಾಪಸ್ಸಾಯಿತು, ಗೋದಾಮಿನ ವರ್ಗವೂ ರದ್ದಾಯಿತು. ಅಂಥದ್ದೇ ಒಂದು ಪತ್ರ ಖಜಾನೆಯವರಿಗೆ ಬಂತು, ಅವರು ಸಹಿ ಮಾಡಿ ತೆಗೆದುಕೊಂಡರು. ಮನೆಯಲ್ಲಿ ಹೆಂಡತಿ ಅದನ್ನು ಎರಡು ಸಲ ಓದಿದಳು. ಛತ್ರಿಯ ಮಾತೆತ್ತಲಿಲ್ಲ, ತಟ್ಟೆ ಹಾಕಿ ಕೂರಿಸಿ ಬಡಿಸಿದಳು.

ಸೋಮವಾರ ಮಧ್ಯಾಹ್ನದವರೆಗೂ ಅವರನ್ನು ಯಾರೂ ಏನೂ ಕೇಳಲಿಲ್ಲ. ಜನ ಬಂದರು, ಹುಡುಕಿದರು, ಸಿಕ್ಕಿತು, ಹೋದರು. ಮೂರು ಗಂಟೆಗೆ ದೂರಿನಕ್ಕ ಬಂದು ನಿಂತಳು. ಆಸ್ಪತ್ರೆಯ ಲಿಫ್ಟಿಗೆ ಹಗ್ಗ ಬದಲಾಯಿಸಿದ್ದು ಯಾವಾಗ ಎಂದು ಹಳೆಯ ಅಭ್ಯಾಸದಂತೆ ಅವರನ್ನೇ ಕೇಳಿದಳು.

ಉತ್ತರ ಅವರ ನಾಲಗೆಯ ತುದಿಯಲ್ಲೇ ಇತ್ತು. ಹೋದ ವರ್ಷದ ಮಾರ್ಚ್, ಎರಡನೇ ವಾರ. ಅವರು ಕುರ್ಚಿಯನ್ನು ಹಿಂದಕ್ಕೆ ಸರಿಸಿ ಕೀಬೋರ್ಡನ್ನು ಆಕೆಯ ಕಡೆ ತಿರುಗಿಸಿದರು.

"ನೀವೇ ಹುಡುಕಿ ನೋಡಮ್ಮ."

ಆಕೆ ಟೈಪು ಮಾಡಿ, ಬಗ್ಗಿ, ಗಟ್ಟಿಯಾಗಿ ಓದಿದಳು. ಅದಕ್ಕೂ ಹಿಂದಿನ ವರ್ಷದ ನವೆಂಬರ್. ಖಜಾನೆಯವರು ಸರಿ ಎಂಬಂತೆ ತಲೆಯಾಡಿಸಿದರು. ಏಳು ವರ್ಷದಲ್ಲಿ ತಾವು ಕಣ್ಣು ಮುಚ್ಚಿ ಹೇಳಿದ ಉತ್ತರಗಳಲ್ಲಿ ಹೀಗೆ ತಪ್ಪಿದ್ದವು ಎಷ್ಟಿದ್ದವೋ ಎಂದು ಲೆಕ್ಕ ಹಾಕಲು ಹೋದರೆ ಅವರಿಗೆ ಒಂದೂ ನೆನಪಾಗಲಿಲ್ಲ.