ಮಾಸ್ತರರು ಆಲ್ಟರ್ ಮಾಡಿದ ಉಯಿಲು

ಸತ್ತವರ ಮೇಲೆ ಸಿಟ್ಟು ಇಟ್ಟುಕೊಳ್ಳಬೇಡಿ ಎಂದು ನನ್ನ ಹೆಂಡತಿ ಹೇಳುತ್ತಲೇ ಇರುತ್ತಾಳೆ. ನಾನು ಇಟ್ಟುಕೊಳ್ಳುತ್ತೇನೆ. ನಮ್ಮ ಬೀದಿಯ ದರ್ಜಿ ಮಾಸ್ತರರು ನಾಲ್ಕು ಜನಕ್ಕೆ ಬೇಕಾದವರು, ಯಾರಿಗೂ ಒಂದು ಕೆಟ್ಟ ಮಾತು ಆಡಿದವರಲ್ಲ, ಎಲ್ಲ ಸರಿ. ಆದರೆ ಕಾಜಾ ಅಕ್ಕನಿಗೆ ಅವರು ಮಾಡಿಹೋದದ್ದನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ.

ಕಾಜಾ ಅಕ್ಕ ಅಂದರೆ ಅವರ ಅಂಗಡಿಯಲ್ಲಿ ಅಂಗಿಯ ಗುಂಡಿತೂತಿಗೆ ದಾರ ಸುತ್ತಿ ಕಾಜಾ ಹಾಕುತ್ತಿದ್ದ ಹೆಂಗಸು. ಗಂಡ ಬಿಟ್ಟುಹೋದ ವರ್ಷ ಕೆಲಸ ಕೇಳಿಕೊಂಡು ಬಂದವಳು ಮೂಲೆಯ ಸ್ಟೂಲಿನ ಮೇಲೆ ಕೂತಳು, ಅಲ್ಲೇ ಕೂದಲು ಬೆಳ್ಳಗಾಯಿತು. ಪಕ್ಕದ ಪಾತ್ರೆ ಅಂಗಡಿ ನನ್ನದು. ನಡುವೆ ಇದ್ದದ್ದು ಒಂದೇ ಗೋಡೆ, ಆ ಕಡೆ ಮಿಷನ್ ನಿಂತರೆ ಈ ಕಡೆ ಗೊತ್ತಾಗುತ್ತಿತ್ತು. ನಾನು ಅವಳನ್ನು ಅಕ್ಕ ಅನ್ನುತ್ತಿದ್ದೆ, ಅವಳು ನನ್ನನ್ನು ಅಣ್ಣ ಅನ್ನುತ್ತಿದ್ದಳು. ಯಾರು ದೊಡ್ಡವರು ಎಂದು ವಿಚಾರಿಸಲು ಇಬ್ಬರೂ ಹೋಗಲಿಲ್ಲ.

ಮಾಸ್ತರರ ಕಣ್ಣು ಮಂಜಾದ ಮೇಲೆ ಅಳತೆ, ಕಟಿಂಗ್, ಹೊಲಿಗೆ, ತಡವಾದಾಗ ಗಿರಾಕಿಗಳ ಬೈಗುಳ, ಎಲ್ಲ ಅವಳ ತಲೆಗೆ ಬಂತು. ಮಾಸ್ತರರು ಕುರ್ಚಿಯಲ್ಲಿ ಕೂತು ಬಂದವರಿಗೆ ರಾಜಕೀಯ ಹೇಳುತ್ತಿದ್ದರು. ಅವರ ಹೆಂಡತಿ ತೀರಿಹೋಗಿದ್ದರು, ಮಕ್ಕಳಿರಲಿಲ್ಲ. ಇದ್ದವನು ಬೇರೆ ಊರಿನಲ್ಲಿ ಒಬ್ಬ ತಮ್ಮ. ಪ್ಯಾಂಟಿನ ಸೊಂಟ ಬಿಗಿಯಾದಾಗ ಮಾತ್ರ ಅವನಿಗೆ ಅಣ್ಣನ ನೆನಪಾಗುತ್ತಿತ್ತು.

ಒಮ್ಮೆ ಒಂದು ರೆಡಿಮೇಡ್ ಬಟ್ಟೆ ಕಾರ್ಖಾನೆಯವರು ಅಕ್ಕನನ್ನು ಕರೆದರು. ಹೊಲಿಯುವ ಹೆಣ್ಣುಮಕ್ಕಳ ಮೇಲ್ವಿಚಾರಣೆ, ಕೂತು ಮಾಡುವ ಕೆಲಸ. ಹೋಗುತ್ತೇನೆ ಎಂದು ಅವಳು ಹೇಳಿದಾಗ ಮಾಸ್ತರರ ಕೈಕಾಲೇ ಆಡಲಿಲ್ಲವಂತೆ.

“ಎಲ್ಲೂ ಹೋಗ್ಬೇಡಮ್ಮ. ನನ್ನ ನಂತರ ಈ ಅಂಗಡಿ ನಿಂದೇ. ಉಯಿಲಲ್ಲಿ ನಿನ್ನ ಹೆಸರು ಹಾಕಿಟ್ಟಿದ್ದೀನಿ. ಯಾರಿಗೂ ಹೇಳ್ಬೇಡ.”

ಅವಳು ಹೋಗಲಿಲ್ಲ. ಯಾರಿಗೂ ಹೇಳಲೂ ಇಲ್ಲ. ನನಗೆ ಗೊತ್ತಾದದ್ದು ಮಾಸ್ತರರು ತೀರಿಕೊಂಡು, ವಕೀಲರ ಆಫೀಸಿಗೆ ಒಬ್ಬಳೇ ಹೋಗಲು ಧೈರ್ಯ ಸಾಲದೆ ಅವಳು ನನ್ನನ್ನೂ ಎಳೆದುಕೊಂಡು ಹೋದ ದಿನ. ತಮ್ಮ ಆಗಲೇ ಬಂದು ಫ್ಯಾನಿನ ಕೆಳಗಿನ ಕುರ್ಚಿ ಹಿಡಿದಿದ್ದ.

ಉಯಿಲು ಹಳೆಯದು. ಹೆಂಡತಿ ಹೋದ ಹೊಸತರಲ್ಲಿ ಮಾಸ್ತರರು ಅದೇ ವಕೀಲರ ಹತ್ತಿರ, ಇಬ್ಬರು ಸಾಕ್ಷಿಗಳ ಮುಂದೆ, ಅಂಗಡಿ ತಮ್ಮನಿಗೆ ಎಂದು ಬರೆಸಿದ್ದರು. ಆಮೇಲೆ ಮನೆಗೆ ತಂದು ತಾವೇ ಅದಕ್ಕೆ ಕೈ ಹಾಕಿದ್ದರು. ಸುಲಭಕ್ಕೆ ಹೊಸದು ಮಾಡಿಸುವ ಆಸಾಮಿ ಅವರಲ್ಲ. ಯಾರಾದರೂ ಹಳೆ ಕೋಟು ತಂದು ಇದರ ಹಾಗೇ ಹೊಸದು ಹೊಲಿಯಿರಿ ಅಂದರೆ, “ಬಟ್ಟೆ ಇನ್ನೂ ಗಟ್ಟಿಯಾಗಿದೆ, ಆಲ್ಟರ್ ಮಾಡಿಕೊಡ್ತೀನಿ ಬಿಡಿ” ಎನ್ನುತ್ತಿದ್ದರು. ಉಯಿಲಿಗೂ ಅದನ್ನೇ ಮಾಡಿದ್ದರು. ತಮ್ಮನ ಹೆಸರಿನ ಮೇಲೆ ಸ್ಕೇಲಿಟ್ಟು ಎಳೆದ ಒಂದು ಗೆರೆ, ಅದರ ಮೇಲೆ ಅಂದವಾಗಿ ಅಕ್ಕನ ಹೆಸರು. ಪಕ್ಕದಲ್ಲಿ ಸಹಿ ಇಲ್ಲ, ತಾರೀಖಿಲ್ಲ, ಸಾಕ್ಷಿ ಇಲ್ಲ.

“ಮೊದಲು ಬರೆಸಿದ್ದು ಸರಿಯಾಗಿದೆ. ಈ ತಿದ್ದಿದ್ದು ನಡೆಯಲ್ಲ,” ಎಂದರು ವಕೀಲರು. “ಹೊಡೆದ ಹೆಸರು ಇನ್ನೂ ಚೆನ್ನಾಗಿ ಓದೋಕೆ ಬರುತ್ತೆ. ಅಂಗಡಿ ತಮ್ಮನಿಗೇ.”

“ಅಕ್ಷರ ಮಾಸ್ತರರದ್ದೇ ಅಲ್ವಾ ಸಾರ್? ಬೀದಿಗೆಲ್ಲ ಗೊತ್ತು,” ಎಂದೆ ನಾನು.

“ಅವರದ್ದೇ, ಇಲ್ಲ ಅಂದವರು ಯಾರು? ಇಬ್ಬರನ್ನ ಎದುರಿಗೆ ಕೂರಿಸಿಕೊಂಡು, ತಿದ್ದಿದ ಕಡೆ ತಾವು ಸಹಿ ಹಾಕಿ, ಅವರ ಕೈಲೂ ಹಾಕಿಸಿದ್ರೆ ಸಾಕಿತ್ತು. ಇಲ್ಲಾಂದ್ರೆ ಹೊಸದೇ ಬರೆಸಬೇಕಿತ್ತು. ಈಗ ನೀವು ತಿಪ್ಪರಲಾಗ ಹಾಕಿದ್ರೂ ಆಗಲ್ಲ.”

ತಮ್ಮ ಗಂಟಲು ಸರಿಮಾಡಿಕೊಂಡ. “ನಾನೇನೂ ಕೇಳಿ ಪಡೆದಿದ್ದಲ್ಲಮ್ಮ. ಅಣ್ಣ ಕೊಟ್ಟಿದ್ದು.” ಅವನ ಹೆಸರನ್ನು ಹೊಡೆದುಹಾಕಿದ ಗೆರೆ ಅವನ ಮೂಗಿನ ಕೆಳಗೇ ಇತ್ತು. ಜಾಗವನ್ನು ಮೊಬೈಲ್ ಅಂಗಡಿಯವರಿಗೆ ಬಾಡಿಗೆಗೆ ಮಾತಾಡಿದ್ದೇನೆ, ತಿಂಗಳ ಕೊನೆಗೆ ಖಾಲಿ ಮಾಡಿಕೊಟ್ಟರೆ ಉಪಕಾರ ಎಂದ. ಮರ್ಯಾದೆಯಿಂದಲೇ ಹೇಳಿದ, ಅದಕ್ಕೆ ಅವನನ್ನು ಬೈಯಲೂ ಆಗಲಿಲ್ಲ.

ಅಕ್ಕ ಕಾರ್ಖಾನೆಗೂ ಹೋಗಿಬಂದಳು. ಕಣ್ಣು ಪರೀಕ್ಷೆ ಮಾಡಿಸಿಕೊಂಡು ಬನ್ನಿ ಎಂದರಂತೆ. ಬರಬೇಡಿ ಎಂದು ಹೇಳುವ ರೀತಿ ಅದು.

ಅಂಗಡಿ ಖಾಲಿ ಮಾಡುವ ದಿನ ನಾನು ನನ್ನ ಅಂಗಡಿಯ ಬಾಗಿಲು ಅರ್ಧ ಎಳೆದು ಸಹಾಯಕ್ಕೆ ಹೋದೆ. ಎದುರಿನ ಟೀ ಅಂಗಡಿಯವನು ಮೂರು ಲೋಟ ಟೀ ತಂದ. ಅಕ್ಕ ನೆಲದ ಮೇಲೆ ಕೂತು ಗುಂಡಿಗಳನ್ನು ಬಣ್ಣಬಣ್ಣಕ್ಕೆ ಬೇರೆ ಮಾಡುತ್ತಿದ್ದಳು.

“ಮಾಸ್ತರರದ್ದು ದೊಡ್ಡ ಮನಸ್ಸು,” ಎಂದ ಟೀ ಅಂಗಡಿಯವನು. “ಪಾಪ, ಕಾನೂನು ಗೊತ್ತಿರಲಿಲ್ಲ.” ನಾನೂ ಹೌದೆಂದು ತಲೆಯಾಡಿಸಿದೆ.

“ಯಾಕೆ ಗೊತ್ತಿರಲಿಲ್ಲ?” ಅಕ್ಕ ತಲೆ ಎತ್ತಲಿಲ್ಲ. “ತಮ್ಮನ ಹೆಸರಿಗೆ ಬರೆಸಿದಾಗ ಸಾಕ್ಷಿ ಹಾಕಿಸಿದ್ರಲ್ಲ. ಆಗ ಗೊತ್ತಿತ್ತು. ನನ್ನ ಹೆಸರು ಬರೆಯುವಾಗ ಮರೆತುಹೋಯ್ತಾ?”

ಒಂದು ಬಿಳಿ ಗುಂಡಿ ಆರಿಸಿ ಪಕ್ಕಕ್ಕಿಟ್ಟಳು.

“ಅಣ್ಣ, ನೀವು ಗೋಡೆ ಆಚೆ ಇದ್ರಿ. ಇವರು ಎದುರಿಗೇ ಇದ್ರು. ಮಾಸ್ತರರು ಒಂದು ಕೂಗು ಹಾಕಿದ್ರೆ ಇಬ್ಬರೂ ಬರ್ತಿದ್ರಿ, ಅಲ್ವಾ?”

“ಬರ್ತಿದ್ವಿ ಅಕ್ಕ. ಓಡಿಬರ್ತಿದ್ವಿ.”

“ಬಂದು? ಈ ಹೆಂಗಸಿಗೆ ಯಾಕಪ್ಪಾ ಅಂಗಡಿ ಬರೀತಿದ್ದಾರೆ ಅಂತ ಒಬ್ಬರ ಮುಖ ಒಬ್ಬರು ನೋಡ್ಕೊಂಡು ನಗ್ತಿದ್ರಿ. ಅದು ಅವರಿಗೆ ಗೊತ್ತಿತ್ತು. ಅದಕ್ಕೇ ಕರೀಲಿಲ್ಲ.” ಈಗ ತಲೆ ಎತ್ತಿದಳು. “ಅವರ ಅಂಗಡಿ ನಾನು ನಡೆಸಬಹುದಿತ್ತು. ಇಬ್ಬರ ಮುಂದೆ ನನ್ನ ಹೆಸರು ಹೇಳೋಕೆ ಮಾತ್ರ ಅವರಿಗೆ ನಾಚಿಕೆ.”

ಟೀ ಅಂಗಡಿಯವನು ಒಲೆ ಮೇಲೆ ಹಾಲಿದೆ ಎಂದು ಎದ್ದು ಹೋದ. ಛೇ, ನಾವು ಹಾಗೆ ಅಂದುಕೊಳ್ಳುತ್ತಿರಲಿಲ್ಲ ಎನ್ನಲು ನಾನು ಬಾಯಿ ತೆರೆದೆ. ಅಕ್ಕ ನನ್ನನ್ನೇ ನೋಡುತ್ತಿದ್ದಳು. ಆ ಸುಳ್ಳು ಬಾಯಿಂದ ಹೊರಗೆ ಬರಲಿಲ್ಲ.