ಎರಡು ವರ್ಷದ ಕುದುರೆಗಳಿಗೆ ದೊಡ್ಡಪ್ಪ ಸುಳಿ ನೋಡಿದ್ದು

ನಮ್ಮ ದೊಡ್ಡಪ್ಪ ಒಂದು ಕಾಲಕ್ಕೆ ಅಲ್ಲಾಳಸಂದ್ರದ ಸುತ್ತಮುತ್ತ ಎತ್ತು ನೋಡುವುದರಲ್ಲಿ ಹೆಸರುವಾಸಿ. ಯಾರೇ ಜೋಡಿ ಎತ್ತು ಕೊಳ್ಳಬೇಕಾದರೂ ಮೊದಲು ಇವರನ್ನು ಕರೆದುಕೊಂಡು ಹೋಗುತ್ತಿದ್ದರಂತೆ. ಹಲ್ಲು ನೋಡಿ ವಯಸ್ಸು ಹೇಳುವವರು, ಸುಳಿ ನೋಡಿ ಗುಣ ಹೇಳುವವರು. ಹಣೆಯ ನಡುವೆ ಕೂದಲು ಒಂಟಿ ಸುಳಿಯಾಗಿ ಸುತ್ತಿದ್ದರೆ ಒಳ್ಳೆಯದು, ಜೋಡಿ ಸುಳಿ ಇದ್ದರೆ ಕಟ್ಟಿದವನ ಮನೆ ಉದ್ಧಾರವಾಗುವುದಿಲ್ಲ, ಹೀಗೆ. ನನಗೆ ಬುದ್ಧಿ ಬರುವ ಹೊತ್ತಿಗೆ ಹೊಲಗಳೆಲ್ಲ ಸೈಟುಗಳಾಗಿದ್ದವು. ಎತ್ತು ಅಂದರೆ ಸಂಕ್ರಾಂತಿಯ ಬೆಳಿಗ್ಗೆ ಕೋಲೆಬಸವ ಬಾಗಿಲಿಗೆ ಬಂದಾಗ ನೋಡಬೇಕಾದ ಪ್ರಾಣಿ. ದೊಡ್ಡಪ್ಪ ಅದರ ಬಾಯನ್ನೂ ಬಿಡಿಸಿ ಹಲ್ಲು ನೋಡಿಯೇ ಕಳಿಸುತ್ತಿದ್ದರು.

ಎತ್ತುಗಳು ಹೋದವು, ಕೇಳುವವರೂ ಹೋದರು, ನೋಡುವ ಚಟ ಮಾತ್ರ ಹೋಗಲಿಲ್ಲ. ಅವರ ಮಗ, ಅಂದರೆ ನಮ್ಮಣ್ಣ, ಹೊಸ ಕಾರು ತಂದ ದಿನ ಯಾರೂ ಕೇಳದಿದ್ದರೂ ಅದನ್ನು ಒಂದು ಸುತ್ತು ಹಾಕಿ, “ಇಂದ್ಗಡೆ ಕಾಲು ಸರಿಯಿಲ್ಲ” ಎಂದರು. ಅಣ್ಣ ಕೇಳಿಸದವನಂತೆ ಚಕ್ರದ ಕೆಳಗೆ ನಿಂಬೆಹಣ್ಣು ಇಡುತ್ತಿದ್ದ. ದೊಡ್ಡಪ್ಪ ಆವತ್ತು ಊಟಕ್ಕೆ ಏಳಲಿಲ್ಲ.

“ಅವ್ರ್‌ಗೆ ಇನ್ನೇನೂ ಬೇಡ ಕಣೇ,” ಎಂದು ದೊಡ್ಡಮ್ಮ ನನಗೆ ಹೇಳಿದರು. “ಯಾರಾನಾ ಬಂದು ಒಂದ್ ಮಾತು ಕೇಳ್ಬೇಕು, ಅಷ್ಟೇಯ.”

ಏರ್‌ಪೋರ್ಟ್ ರಸ್ತೆಯ ಮೇಲ್ಸೇತುವೆಗೆ ಹೆಬ್ಬಾಳದಿಂದಾಚೆ ಕಂಬ ನಿಲ್ಲಿಸುತ್ತಿದ್ದ ವರ್ಷಗಳವು. ಅವರೆಕಾಯಿ ಕಾಲದ ಒಂದು ಸಂಜೆ ನಮ್ಮ ಮಹಡಿ ಮನೆಯ ಬಾಡಿಗೆದಾರರು ಕೆಳಗಿಳಿದು ಬಂದು ಕೇಳಿಯೇಬಿಟ್ಟರು. ಅವರು ಹುಬ್ಬಳ್ಳಿ ಕಡೆಯವರು, ಯಶವಂತಪುರದಲ್ಲಿ ಕಾರ್ಖಾನೆ ಕೆಲಸ, ರೇಸಿನ ಹುಚ್ಚು. ದೊಡ್ಡಪ್ಪ ಜಗಲಿಯಲ್ಲಿ ಅವರೆಕಾಳು ಹಿತುಕುತ್ತ ಕುಳಿತಿದ್ದರು.

“ಯಜಮಾನ್ರ, ಶನಿವಾರ ಎರಡು ವರ್ಷದ ಮರಿ ಕುದುರಿ ರೇಸ್ ಐತ್ರೀ. ಒಂದೂ ಇನ್ನಾ ಓಡಿಲ್ಲ. ಓಡಿದ್ರ ಹಿಂದಿಂದು ನೋಡಿ ಲೆಕ್ಕ ಹಾಕಬಹುದು. ಇದರಾಗ ಪೇಪರ್‌ದವ್ರೂ ಅವ್ವ ಯಾರು, ಅಪ್ಪ ಯಾರು ಅಂತ ಬರದು ಕೈ ತೊಳಕೊಂಡಾರ. ಎಂಥಾದು ಆರಿಸಬೇಕಂತೀರಿ?”

ಮಾತಿಗೆ ಮಾತು ಕೇಳಿದ್ದೇ ಹೊರತು ಅವರಿಗೆ ಬೇರೆ ಉದ್ದೇಶವಿರಲಿಲ್ಲ. ದೊಡ್ಡಪ್ಪ ಕಾಳಿನ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಎದ್ದು ನಿಂತರು.

“ಅಪ್ಪ ಅವ್ವನ್ ಕಟ್ಕೊಂಡೇನಪ್ಪಾ, ಕರು ನೋಡ್ಬೇಕು,” ಎಂದರು. “ಬರ್ತೀನಿ.”

ದೊಡ್ಡಮ್ಮ ನನ್ನನ್ನು ಕಾವಲಿಗೆ ಕಳಿಸಿದರು. ಸೋಲದೇವನಹಳ್ಳಿಯ ಕಾಲೇಜೊಂದರ ಆಫೀಸಿನಲ್ಲಿ ಕೆಲಸ ಮಾಡುವ ನನಗೆ ಶನಿವಾರ ಅರ್ಧ ದಿನ ರಜೆ ಹಾಕುವುದು ಸುಲಭವಿರಲಿಲ್ಲ. ಕಾರಣ ಏನೆಂದು ಬರೆಯುವುದು? ದೊಡ್ಡಪ್ಪನ ಆರೋಗ್ಯ ಎಂದು ಬರೆದೆ. ಅವರು ಮಾತ್ರ ಮದುವೆಗೆ ಹೊರಟವರ ಹಾಗೆ ಇಸ್ತ್ರಿ ಮಾಡಿದ ಪಂಚೆ ಉಟ್ಟು, ಹೆಗಲ ಮೇಲೆ ಟವೆಲ್ ಹಾಕಿಕೊಂಡು ಬಸ್‌ಸ್ಟಾಪಿನಲ್ಲಿ ನನಗಿಂತ ಮುಂಚೆ ನಿಂತಿದ್ದರು.

ರೇಸ್ ಕೋರ್ಸಿನಲ್ಲಿ ಓಟಕ್ಕೆ ಮುಂಚೆ ಕುದುರೆಗಳನ್ನು ಜನರ ಮುಂದೆ ಸುತ್ತು ಹಾಕಿಸುವ ಒಂದು ಅಂಗಳವಿದೆ. ದೊಡ್ಡಪ್ಪ ಅದರ ಕಂಬಿಗೆ ಎದೆ ಆನಿಸಿ ನಿಂತು, ಮೊದಲು ಬಂದ ಕುದುರೆಯ ಆಳಿಗೆ, “ಬಾಯಿ ಬಿಡ್ಸಪ್ಪಾ, ಅಲ್ಲು ನೋಡ್ಬೇಕು” ಎಂದರು. ಆಳು ತಿರುಗಿಯೂ ನೋಡಲಿಲ್ಲ.

“ಎರಡು ವರ್ಷ ಅಂತ ಇವ್ರು ಅಂದ್ಬುಟ್ರೆ ಆಯ್ತಾ? ಅಲ್ಲು ನೋಡ್ದೆ ಎಂಗ್ ನಂಬೋದು?”

“ಸರ್ಟಿಫಿಕೇಟ್ ಇರ್ತದ್ರೀ,” ಎಂದರು ಬಾಡಿಗೆದಾರರು.

“ನಂಗೂ ಐತೆ ಸರ್ಟಿಫಿಕೇಟು. ಅದ್ರಲ್ಲಿ ನಾನು ನನ್ ತಮ್ಮನ್ಗಿಂತ ಚಿಕ್ಕೋನು.”

ಅಲ್ಲಿಂದ ಪರೀಕ್ಷೆ ಶುರುವಾಯಿತು. ಒಂದನೆಯ ನಂಬರಿನದು ಕಪ್ಪು ಕುದುರೆ. ಮೈ ಮಿರಿಮಿರಿ ಮಿಂಚುತ್ತಿತ್ತು, ನಿಂತಲ್ಲಿ ನಿಲ್ಲದೆ ಕುಣಿಯುತ್ತಿತ್ತು. ಜನರೆಲ್ಲ ಅದನ್ನೇ ನೋಡುತ್ತಿದ್ದರು. “ತಲೆ ನಿಲ್ಲದ್ ಪ್ರಾಣಿ. ಇದುನ್ನ ಕಟ್ಟಿದ್ರೆ ನೇಗಿಲು ಒಂದ್ಕಡೆ, ನಾವೊಂದ್ಕಡೆ,” ಎಂದರು ದೊಡ್ಡಪ್ಪ. ಎರಡನೆಯದು ತೆಳು ಹೊಟ್ಟೆಯದು. ಮೇವು ತಿನ್ನದ್ದು ದುಡಿಯುತ್ತದೆಯೇ? ಅದೂ ಹೋಯಿತು. ಮೂರನೆಯದರ ಹಣೆಯಲ್ಲಿ ಜೋಡಿ ಸುಳಿ ಕಂಡಿತಂತೆ. ದೊಡ್ಡಪ್ಪ ಅದರ ಕಡೆ ಬೆನ್ನು ಹಾಕಿ, ಅದು ದಾಟಿ ಹೋಗುವವರೆಗೆ ಈ ಕಡೆ ತಿರುಗಲಿಲ್ಲ.

ಆಮೇಲೆ ನಾಲ್ಕನೆಯದು ಬಂತು. ಮಣ್ಣಿನ ಬಣ್ಣ, ದುಂಡು ಹೊಟ್ಟೆ, ಜೋಲು ತುಟಿ. ಆಳು ಎಳೆದರೆ ಒಂದು ಹೆಜ್ಜೆ, ಬಿಟ್ಟರೆ ಅಲ್ಲೇ. ನಮ್ಮೆದುರಿಗೆ ಬಂದು ನಿಂತು, ಕಣ್ಣು ಅರ್ಧ ಮುಚ್ಚಿ, ಸಾವಕಾಶವಾಗಿ ಲದ್ದಿ ಹಾಕಿತು. ಧ್ವನಿವರ್ಧಕ ಅದರ ತಲೆಯ ಮೇಲೇ ಅರಚಿದರೂ ಕಿವಿ ಅಲ್ಲಾಡಿಸಲಿಲ್ಲ. ದೊಡ್ಡಪ್ಪನ ಕಣ್ಣು ತುಂಬಿಬಂತು. ಉತ್ಪ್ರೇಕ್ಷೆಯಲ್ಲ, ನಾನೇ ನೋಡಿದೆ.

“ಎಂಥಾ ಲಕ್ಷಣ ನೋಡವ್ವಾ. ಒಂಟಿ ಸುಳಿ.”

“ಯಜಮಾನ್ರ, ಕುದುರಿ ಓಡಬೇಕಲ್ರೀ,” ಎಂದು ಬಾಡಿಗೆದಾರರು ಅಳುಕುತ್ತ ಹೇಳಿದರು.

“ಓಡೋದು ಯಾವ್ದ್ ಬೇಕಾದ್ರೂ ಓಡ್ತದೆ. ಮೊದ್ಲು ನಿಲ್ಲೋದು ಬರ್ಬೇಕು.”

ಹೀಗೆ ಹೇಳಿ ಟವೆಲನ್ನು ತಮ್ಮ ಬಲಗೈ ಮೇಲೆ ಹಾಸಿದರು. ದನದ ವ್ಯಾಪಾರದಲ್ಲಿ ಬೆಲೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲಿನ ಕೆಳಗೆ ಕೈ ಹಿಡಿದು, ಬೆರಳು ಒತ್ತಿ ತಿಳಿಸುತ್ತಾರೆ. ಬಾಡಿಗೆದಾರರಿಗೆ ಅದು ಗೊತ್ತಿದ್ದಿರಬೇಕು, ತಕ್ಷಣ ಕೈ ಒಳಗಿಟ್ಟರು. ದೊಡ್ಡಪ್ಪ ನಾಲ್ಕು ಬೆರಳು ಒತ್ತಿದರು. ಅಷ್ಟು ಜನರ ನಡುವೆ ಇಬ್ಬರು ಗಂಡಸರು ಟವೆಲಿನ ಕೆಳಗೆ ಕೈ ಕೈ ಹಿಡಿದು ಗಂಭೀರವಾಗಿ ನಿಂತಿದ್ದರು. ಕಿವಿಗೆ ಪೆನ್ಸಿಲ್ ಸಿಕ್ಕಿಸಿಕೊಂಡಿದ್ದ ಒಬ್ಬಾತ ಪಕ್ಕದಲ್ಲಿ ನಿಂತು ಎಲ್ಲವನ್ನೂ ಬಾಯಿ ತೆರೆದು ನೋಡುತ್ತಿದ್ದ. ನಾನು ಇವರ ಕಡೆಯವಳೇ ಅಲ್ಲ ಎಂಬಂತೆ ಮುಖ ತಿರುಗಿಸಿದೆ.

ಓಟ ಶುರುವಾಯಿತು. ಗೇಟು ತೆರೆದದ್ದೇ ಎಲ್ಲ ಕುದುರೆಗಳೂ ಬಾಣ ಬಿಟ್ಟ ಹಾಗೆ ಹೋದವು, ನಾಲ್ಕನೆಯ ನಂಬರು ಒಂದನ್ನು ಬಿಟ್ಟು. ಅದು ನಿಂತಿತ್ತು. ಜಾಕಿ ಒದ್ದ, ಬೈದ, ಕುತ್ತಿಗೆ ತಟ್ಟಿ ಬೇಡಿಕೊಂಡ. ಉಳಿದವು ಗುರಿ ಮುಟ್ಟುವ ಹೊತ್ತಿಗೆ ಅದು ನಿಧಾನವಾಗಿ ಹೊರಗೆ ಬಂದು ಹುಲ್ಲು ಮೂಸಿ ನೋಡುತ್ತಿತ್ತು. ಸ್ಟ್ಯಾಂಡಿನಲ್ಲಿದ್ದವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು. ನಾನು ನಗು ತಡೆಯಲು ಸೆರಗು ಕಚ್ಚಿಕೊಂಡೆ.

“ನೋಡ್ದಾ?” ಎಂದರು ದೊಡ್ಡಪ್ಪ, ಎದೆಯುಬ್ಬಿಸಿ. “ಅಷ್ಟು ಸದ್ದಾದ್ರೂ ಎದರ್‌ಲಿಲ್ಲ.”

ಗೆದ್ದದ್ದು ಆ ಕಪ್ಪು ಕುದುರೆ ಎಂದು ನಾನು ತಿಳಿಸಿದೆ.

“ಎದರ್‌ಕೊಂಡು ಓಡೋದುನ್ನ ಇಲ್ಲಿ ಗೆಲ್ಲೋದು ಅಂತಾರಾ?”

ಬಾಡಿಗೆದಾರರು ನಾಲ್ಕನೆಯ ನಂಬರಿಗೆ ಕಟ್ಟಿದ್ದ ಟಿಕೆಟ್ಟನ್ನು ಸದ್ದಾಗದಂತೆ ಹರಿದು ಜೇಬಿಗೆ ಹಾಕಿಕೊಂಡು, “ಖರೆ ಐತ್ರೀ” ಎಂದರು. ಅಂಥ ಮರ್ಯಾದಸ್ಥರು.

ಎರಡು ವರ್ಷದವಕ್ಕೇ ಇನ್ನೊಂದು ರೇಸಿತ್ತು. ನಾವು ಮತ್ತೆ ಕಂಬಿಯ ಬಳಿ ಹೋಗಿ ನಿಂತೆವು. ಕುದುರೆಗಳು ಸುತ್ತು ಬರುತ್ತಿದ್ದಾಗ ಆ ಪೆನ್ಸಿಲಿನವನು ಹತ್ತಿರ ಬಂದು, ಬಹಳ ವಿನಯದಿಂದ, “ಯಜಮಾನ್ರೇ, ಇದ್ರಲ್ಲಿ ನಿಮ್ಗೆ ಯಾವ್ದು ಹಿಡಿಸ್ತು?” ಎಂದ. ಅವನ ಹಿಂದೆ ಇನ್ನೂ ಕೆಲವರು ನಿಂತಿದ್ದರು.

ದೊಡ್ಡಪ್ಪ ಅವನನ್ನು ಒಮ್ಮೆ ನೋಡಿ, ಕುದುರೆಗಳನ್ನೆಲ್ಲ ಇನ್ನೊಂದು ಸಲ ಮೊದಲಿನಿಂದ ನೋಡಿ, ಟವೆಲ್ ಹಾಸಿದರು. ಎರಡು ಬೆರಳು. ಅವನು ನಮಸ್ಕಾರ ಮಾಡಿ ಈಚೆ ಬಂದು, ಕಿವಿಯ ಪೆನ್ಸಿಲ್ ತೆಗೆದು, ರೇಸ್ ಪುಸ್ತಕದಲ್ಲಿ ಎರಡನೆಯ ನಂಬರಿನ ಮೇಲೆ ಅಡ್ಡ ಗೀಟು ಎಳೆದ. “ಇದೊಂದು ಓಡಲ್ಲ ಗುರು, ಗ್ಯಾರಂಟಿ,” ಎಂದು ಹಿಂದಿನವನಿಗೆ ಹೇಳಿದ. ಹಿಂದಿನವನು ಮುಂದೆ ಹೋಗಿ ಟವೆಲಿನ ಕೆಳಗೆ ಕೈಯಿಟ್ಟ. ಅವನಾದ ಮೇಲೆ ಇನ್ನೊಬ್ಬ.

ನನಗೆ ಮೈಯೆಲ್ಲ ಉರಿದುಹೋಯಿತು. ಅಷ್ಟು ಹೊತ್ತು ನಾನೂ ನಕ್ಕವಳೇ. ಆದರೆ ಮನೆಯವರು ನಗುವುದು ಬೇರೆ, ಕಂಡವರು ಸಾಲು ನಿಂತು ನಗುವುದು ಬೇರೆ. “ನಡೀರಿ ದೊಡ್ಡಪ್ಪ, ಹೊತ್ತಾಯ್ತು” ಎಂದು ತೋಳು ಹಿಡಿದು ಎಳೆದೆ. “ಇರವ್ವಾ, ಕೇಳ್ತಾವ್ರೆ” ಎಂದು ಕೊಸರಿಕೊಂಡರು. ಪ್ರತಿಯೊಬ್ಬನ ಬೆರಳನ್ನೂ ಅಷ್ಟೇ ಶ್ರದ್ಧೆಯಿಂದ ಒತ್ತಿದರು. ಆ ಮುಖದಲ್ಲಿದ್ದ ಕಳೆಯನ್ನು ನಾನು ಮನೆಯಲ್ಲಿ ಯಾವ ಹಬ್ಬದ ದಿನವೂ ಕಂಡಿರಲಿಲ್ಲ.

ಎರಡನೆಯ ನಂಬರು ಕೊನೆಯದಾಗಿ ಬಂತು. ಬಾಡಿಗೆದಾರರೊಬ್ಬರೇ ಅದರ ಮೇಲೆ ಕಟ್ಟಿದ್ದರು. ಪೆನ್ಸಿಲಿನವನು ಸಂತೋಷದಿಂದ ಓಡಿ ಬಂದು ದೊಡ್ಡಪ್ಪನ ಕೈಗೆ ಬಿಸಿ ಟೀ ಕೊಟ್ಟು ಹೋದ.

ಬಾಡಿಗೆದಾರರು ಅಲ್ಲೇ ಉಳಿದರು. ನಾವಿಬ್ಬರೂ ಬಸ್ಸು ಹತ್ತಿದೆವು. ಹೆಬ್ಬಾಳದಲ್ಲಿ ಎಂದಿನಂತೆ ಗಾಡಿಗಳೆಲ್ಲ ಬೇರು ಬಿಟ್ಟು ನಿಂತಿದ್ದವು. ನಿಜವನ್ನು ಇವರಿಗೆ ಯಾರೂ ಹೇಳಕೂಡದು ಎಂದು ನಾನು ಮನಸ್ಸಿನಲ್ಲೇ ತೀರ್ಮಾನ ಮಾಡುತ್ತಿದ್ದೆ. ಅಷ್ಟರಲ್ಲಿ ಕಿಟಕಿಯಾಚೆ ನೋಡುತ್ತಿದ್ದ ದೊಡ್ಡಪ್ಪ, “ನಾನ್ ಅಂದಿದ್ದುನ್ನೇ ಗೀಟು ಎಳ್ದು ತೆಗೀತಿದ್ರು. ನೋಡ್ದೆ,” ಎಂದರು.

“ಗೊತ್ತಿತ್ತಾ? ಗೊತ್ತಿದ್ದೂ ಯಾಕೆ ಹೇಳೋದಕ್ಕೆ ಹೋದ್ರಿ?”

“ಕೇಳಿದ್ರಲ್ಲವ್ವಾ.”

ಏನಾದರೂ ಹೇಳಬೇಕಿತ್ತು, ಬಾಯಿಗೆ ಬಂದದ್ದನ್ನು ಹೇಳಿಬಿಟ್ಟೆ. “ದೊಡ್ಡಪ್ಪ, ನಾನೊಂದು ಸ್ಕೂಟರ್ ತಗೋಬೇಕು ಅಂತಿದೀನಿ. ಬಂದು ನೋಡ್ತೀರಾ?” ನನಗೆ ಸೈಕಲ್ ಹೊಡೆಯಲೂ ಬರುತ್ತಿರಲಿಲ್ಲ.

ಅವರು ನನ್ನ ಮುಖ ನೋಡಿ, ಟವೆಲನ್ನು ಹೆಗಲ ಮೇಲೆ ಸರಿಮಾಡಿಕೊಂಡು ಹೇಳಿದರು: “ಬರ್ತೀನಿ. ನಾನ್ ಯಾವ್ದು ಚೆನ್ನಾಗೈತೆ ಅಂತೀನೋ ಅದೊಂದ್ ಬಿಟ್ಟು ಬೇರೇದ್ ತಗೋ.”