ಹತ್ತನೇ ಗಿಡ

ಆ ಹೂವಿನ ತೋಟದಲ್ಲಿ ಅವಳನ್ನು ಹೆಸರು ಹಿಡಿದು ಕರೆಯುವವರು ಯಾರೂ ಇರಲಿಲ್ಲ. ಮೇಸ್ತ್ರಿಯಿಂದ ಹಿಡಿದು ಹೂ ಕೊಯ್ಯುವ ಹೆಂಗಸರವರೆಗೆ ಎಲ್ಲರಿಗೂ ಅವಳು ಹತ್ತನೇ ಗಿಡದಕ್ಕ. ಇಪ್ಪತ್ತೆರಡು ವರ್ಷದಿಂದ ಅವಳ ಕೆಲಸ ಒಂದೇ. ಸೇವಂತಿಗೆ ಸಾಲುಗಳಲ್ಲಿ ನಡೆಯುತ್ತ ಪ್ರತಿ ಹತ್ತನೇ ಗಿಡದ ಹತ್ತಿರ ನಿಲ್ಲಬೇಕು, ಅದರ ಒಂದು ಎಲೆಯನ್ನು ಬಿಳಿ ರಟ್ಟಿನ ಮೇಲೆ ಬಗ್ಗಿಸಿ ಬೆರಳಿನಿಂದ ತಟ್ಟಬೇಕು, ಉದುರಿದ ಧೂಳಿನಲ್ಲಿ ಯಾವುದಾದರೂ ಚುಕ್ಕೆ ಓಡಾಡುತ್ತಿದೆಯೇ ಎಂದು ಭೂತಗನ್ನಡಿಯಲ್ಲಿ ನೋಡಬೇಕು. ಓಡಾಡಿದರೆ ಅದು ನುಸಿ. ಅನುಮಾನ ಬಂದರೆ ಹೆಬ್ಬೆರಳಿನಿಂದ ಒಮ್ಮೆ ಒರೆಸಿದರಾಯಿತು. ಧೂಳು ಹಾರಿಹೋಗುತ್ತದೆ, ನುಸಿಯಾದರೆ ಕೆಂಪು ಗೆರೆ ಬೀಳುತ್ತದೆ. ನುಸಿ ಹುಡುಕುವುದೂ ಒಂದು ಉದ್ಯೋಗವೇ ಎಂದು ಮೂಗು ಮುರಿಯಬೇಡಿ. ಸಾಸಿವೆ ಕಾಳಿನ ಕಾಲು ಭಾಗದಷ್ಟೂ ಇಲ್ಲದ ಆ ಪ್ರಾಣಿ ಎಲೆಯ ಅಡಿಯಲ್ಲಿ ಕೂತು ರಸ ಹೀರಲು ಶುರು ಮಾಡಿತೆಂದರೆ, ಹದಿನೈದೇ ದಿನದಲ್ಲಿ ಇಡೀ ತಾಕು ಕಂಚಿನ ಬಣ್ಣಕ್ಕೆ ತಿರುಗಿ ಬಲೆ ಕಟ್ಟಿಕೊಂಡು ಒಣಗಿ ನಿಲ್ಲುತ್ತದೆ.

ಲೆಕ್ಕ ಸುಲಭ. ಒಂದು ತಾಕಿನಲ್ಲಿ ವಾರಕ್ಕೊಮ್ಮೆ ಹೀಗೆ ಮೂವತ್ತು ಗಿಡ ನೋಡಬೇಕು. ಅದರಲ್ಲಿ ಎಂಟಕ್ಕಿಂತ ಹೆಚ್ಚು ಗಿಡದಲ್ಲಿ ನುಸಿ ಸಿಕ್ಕರೆ ಔಷಧಿ ಹೊಡೆಯಬೇಕು, ಎಂಟರ ಒಳಗಿದ್ದರೆ ಬೇಡ. ಗಿಡವನ್ನು ಆರಿಸುವ ಹಾಗಿಲ್ಲ, ಅದೊಂದೇ ಕಟ್ಟುನಿಟ್ಟು. ಹತ್ತನೆಯದು ಸೊರಗಿರಲಿ, ನಳನಳಿಸುತ್ತಿರಲಿ, ಅದೇ ಗಿಡ. ಶುರು ಮಾಡುವುದೂ ಯಾವಾಗಲೂ ರಸ್ತೆ ಕಡೆಯ ಸಾಲಿನಿಂದ. ಲಾರಿ ಓಡಾಡಿ ಧೂಳು ಕೂರುವ ಜಾಗದಲ್ಲೇ ಕೆಂಪು ನುಸಿ ಮೊದಲು ಬೀಡು ಬಿಡುವುದು. ಇಷ್ಟು ವರ್ಷದಲ್ಲಿ ಅವಳು ಒಂದು ಗಿಡ ಆಚೀಚೆ ಮಾಡಿದವಳಲ್ಲ. ಒಮ್ಮೆ ಹತ್ತನೇ ಗಿಡದ ಬುಡದಲ್ಲಿ ಹಾವು ಮಲಗಿತ್ತಂತೆ. ಅದು ಎದ್ದು ಹೋಗುವವರೆಗೆ ಅರ್ಧ ಗಂಟೆ ನಿಂತು ಕಾದು, ಆಮೇಲೆ ಅದೇ ಗಿಡದ ಎಲೆ ತಟ್ಟಿದಳಂತೆ. ಈ ಕಥೆಯನ್ನು ಮೇಸ್ತ್ರಿ ಹೊಸಬರಿಗೆಲ್ಲ ಹೇಳುತ್ತಿದ್ದ. ಹೇಳುವಾಗ ಹಾವು ಪ್ರತಿ ವರ್ಷವೂ ಒಂದು ಮೊಳ ಬೆಳೆಯುತ್ತಿತ್ತು.

ಅವಳು ಬರೆದ ಅಂಕಿ ನೋಡಿ ಔಷಧಿ ಹೊಡೆಯುತ್ತಿದ್ದವನು ಅವಳ ತಮ್ಮ. ಅಮ್ಮ ಹೋದಾಗ ಅವನಿಗೆ ನಾಲ್ಕು ವರ್ಷ, ಇವಳಿಗೆ ಹದಿನಾಲ್ಕು. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಇವಳು ಕೂಲಿಗೆ ಹೋದದ್ದು, ಮದುವೆಯ ಮಾತು ಬಂದಾಗಲೆಲ್ಲ ಮುಂದೆ ನೋಡೋಣ ಎಂದು ನಲವತ್ತೈದು ದಾಟಿದ್ದು. ಹೂ ಕಟ್ಟು ಕಟ್ಟುವ ಶೆಡ್ಡಿನ ಹಿಂದೆ ತೋಟದವರೇ ಕೊಟ್ಟ ಎರಡು ಕೋಣೆಯಲ್ಲಿ ಇಬ್ಬರ ಸಂಸಾರ. ಅವನಿಗೆ ಅಕ್ಕನನ್ನು ರೇಗಿಸದೆ ಊಟ ಇಳಿಯುತ್ತಿರಲಿಲ್ಲ.

"ಅಲ್ಲಕ್ಕ, ಎಲೆ ಅಡೀಲಿರೋ ನುಸಿ ನಿನ್ ಕಣ್ಣಿಗೆ ಬೀಳುತ್ತೆ, ಅನ್ನದಲ್ಲಿರೋ ಇಷ್ಟು ದಪ್ಪ ಕಲ್ಲು ಬೀಳಲ್ವಲ್ಲ!"

"ಹತ್ತನೇ ಅಗುಳು ಮಾತ್ರ ನೋಡೋದು ನಾನು. ತೆಪ್ಪಗೆ ತಿನ್ನು."

ಆ ವರ್ಷ ಬೇಸಿಗೆಯ ಮೊದಲಲ್ಲಿ ಮೊಗ್ಗಿಗೆ ಥ್ರಿಪ್ಸ್ ಹುಳ ಬಿದ್ದು ಒಂದೇ ವಾರದಲ್ಲಿ ಮೂರು ಸಲ ಔಷಧಿ ಹೊಡೆಯಬೇಕಾಯಿತು. ಮೂರನೆಯ ಸಲ ಅವನು ಮನೆಗೆ ಬಂದವನೇ ಬಚ್ಚಲಲ್ಲಿ ಕುಸಿದು ಕೂತ. ಬಾಯಲ್ಲಿ ಜೊಲ್ಲು, ಮೈಯೆಲ್ಲ ಬೆವರು, ಚಮಚ ಹಿಡಿಯಲಾರದಷ್ಟು ಕೈ ನಡುಕ. ಅವಳು ಆಟೋ ಹಿಡಿದು ಆಸ್ಪತ್ರೆಗೆ ಕರೆದೊಯ್ದಳು. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ವಿಷ ಒಳಗೆ ಸೇರಿದೆಯಮ್ಮ. ಇಳಿಯೋದು ನಿಧಾನ. ಆರು ತಿಂಗಳು ಇವನು ಔಷಧಿ ಹತ್ತಿರ ಸುಳೀಬಾರದು. ಇನ್ನೊಂದು ಸಲ ಹೀಗಾದ್ರೆ ನನ್ನ ಕೈಲಿ ಏನೂ ಇರಲ್ಲ."

ಹೊರಗೆ ಬಂದವನು ಮೆಟ್ಟಿಲ ಮೇಲೆ ನಿಂತು ಅಕ್ಕನ ಕೈ ಹಿಡಿದುಕೊಂಡ. "ಮೇಸ್ತ್ರಿ ಕಿವಿಗೆ ಬೀಳಬಾರ್ದು ಅಕ್ಕ. ಬಿದ್ರೆ ನನ್ನಾಣೆ. ಔಷಧಿ ಹೊಡೆಯೋಕಾಗದವನನ್ನ ಇಟ್ಕೊಂಡು ಅವರೇನು ಪೂಜೆ ಮಾಡ್ತಾರಾ? ಕೆಲಸಾನೂ ಹೋಗುತ್ತೆ, ಮನೇನೂ ಹೋಗುತ್ತೆ."

ಅವಳು ಆಣೆಗೆ ಕಟ್ಟುಬಿದ್ದಳು. ಇಲ್ಲಿ ನನಗೆ ಅವಳ ಮೇಲೆ ಸಿಟ್ಟು ಬರುತ್ತದೆ, ಮುಚ್ಚಿಡುವುದಿಲ್ಲ. ಆಣೆಯನ್ನು ಗಾಳಿಗೆ ತೂರಿ ಮೇಸ್ತ್ರಿಯ ಮುಂದೆ ಎರಡು ಮಾತು ಆಡಿದ್ದರೆ, ಬೈದುಕೊಂಡಾದರೂ ಅವನು ಬೇರೆ ದಾರಿ ನೋಡುತ್ತಿದ್ದನೋ ಏನೋ. ಆದರೆ ಸಾಕಿದ ಕೈ ಅದು. ತಮ್ಮನ ಮುಖ ಬಾಡುವುದನ್ನು ತಾಳಲಾರದ ಕೈ.

ಎರಡು ವಾರ ನುಸಿ ಕಡಿಮೆಯೇ ಇತ್ತು. ಮೂವತ್ತರಲ್ಲಿ ನಾಲ್ಕು, ಆಮೇಲೆ ಐದು. ಅವನು ಪೈಪು ಸರಿಮಾಡುತ್ತ, ಕಳೆ ತೆಗೆಯುತ್ತ ಇದ್ದ. ಕೈ ನಡುಕ ನಿಂತಿತ್ತು, ಊಟ ಸೇರುತ್ತಿತ್ತು, ರೇಗಿಸುವುದು ಮತ್ತೆ ಶುರುವಾಗಿತ್ತು. ಮೂರನೇ ವಾರ ಬಿಸಿಲು ಏರಿತು. ಅವಳು ರಸ್ತೆ ಕಡೆಯ ಸಾಲಿನಲ್ಲಿ ಹತ್ತನೇ ಗಿಡದ ಮುಂದೆ ನಿಂತಳು. ಎಲೆಯ ಮೇಲೆ ಸೂಜಿಯಿಂದ ಚುಚ್ಚಿದ ಹಾಗೆ ಬಿಳಿ ಚುಕ್ಕೆ. ರಟ್ಟಿನ ಮೇಲೆ ತಟ್ಟುವುದೇ ಬೇಡ, ಒಳಗೇನಿದೆ ಎಂದು ಗೊತ್ತು. ಪಕ್ಕದ ಹನ್ನೊಂದನೆಯದು ಹಸಿರಾಗಿತ್ತು. ಅವಳು ಅತ್ತಿತ್ತ ನೋಡಿ ಹನ್ನೊಂದನೆಯದರ ಎಲೆ ತಟ್ಟಿದಳು. ರಟ್ಟು ಸ್ವಚ್ಛ.

ಸುಳ್ಳು ಅಂಕಿಯನ್ನು ಅವಳು ಒಂದು ದಿನವೂ ಬರೆಯಲಿಲ್ಲ, ಅದೇ ಅವಳ ಸಮಾಧಾನ. ಎಣಿಸಿದ್ದನ್ನು ಎಣಿಸಿದ ಹಾಗೆಯೇ ಬರೆದಳು. ಗಿಡ ಮಾತ್ರ ಆರಿಸಿದಳು. ಮುಂದಿನ ವಾರ ರಸ್ತೆ ಕಡೆಯಿಂದ ಶುರು ಮಾಡುವುದನ್ನೇ ಬಿಟ್ಟು, ಒಳಗಿನ ಬಾವಿ ಕಡೆಯಿಂದ ಶುರು ಮಾಡಿದಳು. ರಸ್ತೆ ಮುಟ್ಟುವ ಹೊತ್ತಿಗೆ ಮೂವತ್ತು ಮುಗಿದಿರುತ್ತಿತ್ತು. ಆರು. ಮತ್ತೆ ಐದು. ಪುಸ್ತಕದಲ್ಲಿ ಎಲ್ಲವೂ ಎಂಟರ ಒಳಗೆ. ಸರಿಯಾಗಿ ನೋಡಿದ್ದರೆ ಹನ್ನೊಂದೋ ಹನ್ನೆರಡೋ ಬರುತ್ತಿತ್ತು. ಮಾಮೂಲಿ ಔಷಧಿ ಒಂದು ಸುತ್ತು, ಅರ್ಧ ದಿನದ ಕೆಲಸ. ಆ ಅರ್ಧ ದಿನವನ್ನು ತಮ್ಮನ ಮೈಯಿಂದ ತಪ್ಪಿಸಲು ಅವಳು ಹೀಗೆ ಮಾಡಿದಳು. ಮಳೆಯೊಂದು ಬಂದರೆ ನುಸಿ ತಾನೇ ತೊಳೆದುಹೋಗುತ್ತದೆ ಎಂದು ದಿನಾ ಮೋಡ ನೋಡುತ್ತಿದ್ದಳು. ಮಳೆ ಬರಲಿಲ್ಲ.

ಐದನೇ ವಾರದ ಸೋಮವಾರ ಹೂ ಕೊಯ್ಯುವ ಹೆಂಗಸೊಬ್ಬಳು ಕೂಗಿಕೊಂಡು ಬಂದಳು: "ಮೇಸ್ತ್ರೀ, ಹೂವಿನ ಮೇಲೆಲ್ಲ ಜೇಡರ ಬಲೆ!" ಹೋಗಿ ನೋಡಿದರೆ ರಸ್ತೆ ಕಡೆಯ ಆರು ಸಾಲು ಕಂಚಿನ ಬಣ್ಣ. ಮೊಗ್ಗಿನಿಂದ ಮೊಗ್ಗಿಗೆ ಎಳೆ ಎಳೆಯಾಗಿ ಬಲೆ, ಅದರ ಮೇಲೆ ಕೆಂಪು ಪುಡಿ ಚೆಲ್ಲಿದ ಹಾಗೆ ನುಸಿ. ಮೇಸ್ತ್ರಿ ಅವಳನ್ನು ಕರೆಸಿ, ತಾನೇ ಹಿಂದೆ ನಿಂತು ಎಣಿಕೆ ಮಾಡಿಸಿದ. ಹತ್ತನೇ ಗಿಡ ಹತ್ತನೇ ಗಿಡವಾಗಿಯೇ. ಮೂವತ್ತರಲ್ಲಿ ಇಪ್ಪತ್ತೇಳು.

ಔಷಧಿ ಕೋಣೆಯಲ್ಲಿ ಮೇಸ್ತ್ರಿ ಪುಸ್ತಕ ತೆರೆದು ಕೂತ. ಮೂಗಿಗೆ ಅಡರುವ ಘಾಟು, ಕಿರುಗುಟ್ಟುವ ಫ್ಯಾನು, ಬೀಗ ಹಾಕಿದ ಕಬ್ಬಿಣದ ಬೀರು. ತಮ್ಮ ಬಾಗಿಲ ಹತ್ತಿರ ನಿಂತಿದ್ದ.

"ನಾಲ್ಕು, ಐದು, ಆರು, ಐದು... ಇವತ್ತು ಇಪ್ಪತ್ತೇಳು!" ಮೇಸ್ತ್ರಿ ಬೆರಳನ್ನು ಅಂಕಿಯ ಮೇಲೆ ಕುಟ್ಟಿದ. "ಒಂದೇ ವಾರದಲ್ಲಿ ಐದರಿಂದ ಇಪ್ಪತ್ತೇಳು! ಇದು ನಮ್ ಮಾಮೂಲಿ ನುಸಿ ಅಲ್ವೇ ಅಲ್ಲ. ಯಾವ್ದೋ ಹೊಸ ಜಾತಿ. ಇದಕ್ಕೆ ಮಾಮೂಲಿ ಔಷಧಿ ಹೊಡೆದ್ರೆ ನೀರು ಹಾಕ್ದಂಗೆ."

"ಮೇಸ್ತ್ರಿ, ಲೆಕ್ಕದಲ್ಲಿ ಏನಾದ್ರೂ..." ಅವಳು ಬಾಯಿ ತೆರೆದಳು.

"ನಿನ್ ಲೆಕ್ಕಾನಾ?" ಅವನು ನಕ್ಕುಬಿಟ್ಟ. "ಹಾವಿನ ತಲೆ ಮೇಲಿಂದ ಎಲೆ ಕಿತ್ತವಳು ನೀನು. ಇಪ್ಪತ್ತೆರಡು ವರ್ಷ ಆಯ್ತು, ನಿನ್ ಲೆಕ್ಕ ತಪ್ಪಿದ್ದು ನಾನು ಕಂಡಿಲ್ಲ. ಸುಮ್ನಿರಮ್ಮ."

ತಮ್ಮ ಅವಳತ್ತ ನೋಡಿ ಬೇಡ ಎಂಬಂತೆ ತಲೆ ಆಡಿಸಿದ. ಅವನು ತಲೆ ಆಡಿಸಿದ್ದಕ್ಕೇ ಸುಮ್ಮನಾದಳು ಎಂದರೆ ಅರ್ಧ ಮಾತ್ರ ನಿಜ. ಇಪ್ಪತ್ತೆರಡು ವರ್ಷದ ಹೆಸರು ಆ ಕೋಣೆಯಲ್ಲಿ ಕಳಚಿ ಬೀಳುವುದನ್ನು ಅವಳಿಗೆ ನೋಡಲಾಗಲಿಲ್ಲ. ಅಷ್ಟರಲ್ಲಿ ಮೇಸ್ತ್ರಿ ಎದ್ದು ಬೀರು ತೆಗೆದ. ಒಳಗಿಂದ, ಬಳಸುವುದನ್ನು ಬಿಟ್ಟು ಎಷ್ಟೋ ವರ್ಷವಾಗಿದ್ದ ಎರಡು ಹಳೆಯ ಡಬ್ಬಿ ಹೊರಗೆ ಬಂತು. ಮೇಲಿನ ತಲೆಬುರುಡೆಯ ಚಿತ್ರ ಅರ್ಧ ಅಳಿಸಿತ್ತು.

"ಎರಡೂ ಬೆರೆಸಿ ಹೊಡಿ. ಮೂರು ದಿನ, ಇಡೀ ತಾಕು. ಬೇರೆಯವರ ಕೈಗೆ ಕೊಟ್ರೆ ಎಲೆ ಮೇಲೆ ಹೊಡೆದು ಕೈ ತೊಳ್ಕೊತಾರೆ. ಎಲೆ ಅಡಿಗೆ ಹೊಡೆಯೋದು ನಿನಗೊಬ್ಬನಿಗೇ ಗೊತ್ತಿರೋದು."

ಎಲೆಯ ಅಡಿಗೆ ಹೊಡೆಯುವುದೆಂದರೆ ಸಾಲಿನ ನಡುವೆ ಮಂಡಿಯೂರಿ, ಔಷಧಿ ಪೈಪಿನ ಬಾಯಿಯನ್ನು ಮೇಲ್ಮುಖವಾಗಿ ಹಿಡಿದು ತೆವಳುವುದು. ಮೇಲೆ ಹೋದದ್ದೆಲ್ಲ ಮಂಜಿನ ಹಾಗೆ ತಿರುಗಿ ಹೊಡೆಯುವವನ ಮೇಲೇ ಇಳಿಯುತ್ತದೆ.

ಮನೆಗೆ ಬಂದ ಮೇಲೆ ಅವಳು ಹೇಳಿದಳು: "ನಾನು ಹೊಡೀತೀನಿ ಕಣೋ. ನಿನ್ ಕೋಟು ಕೊಡು."

"ಔಷಧಿ ತುಂಬಿದ ಟ್ಯಾಂಕು ಬೆನ್ನಿಗೇರಿಸಿದ್ರೆ ನೀನು ಅದರ ಕೆಳಗೇ ಮಲಗ್ತೀಯ." ಅವನು ನಗಲು ನೋಡಿದ. "ಮೂರು ದಿನ ತಾನೇ. ಹೋಗ್ಲಿ ಬಿಡಕ್ಕ."

ಬೆಳಗ್ಗೆ ಅವಳೇ ಅವನ ಕೋಟಿನ ಗುಂಡಿ ಹಾಕಿದಳು, ಮೂಗಿಗೆ ಮುಖಗವಸು ಬಿಗಿದಳು, ಅದರ ಮೇಲೆ ತನ್ನ ಹಳೆ ಸೀರೆಯ ತುಂಡನ್ನು ಎರಡು ಸುತ್ತು ಕಟ್ಟಿದಳು. ಮೊದಲ ದಿನ ಹೇಗೋ ಕಳೆಯಿತು. ಎರಡನೇ ದಿನ ಅವಳು ತನ್ನ ಕೆಲಸ ಬಿಟ್ಟು ಬದುವಿನ ಮೇಲೆ ನಿಂತೇ ಇದ್ದಳು. ಸೇವಂತಿಗೆ ಗಿಡಗಳ ನಡುವೆ ಅವನ ಬೆನ್ನಿನ ಹಳದಿ ಟ್ಯಾಂಕು ಮಾತ್ರ ಕಾಣುತ್ತಿತ್ತು. ಹನ್ನೊಂದು ಗಂಟೆಯ ಹೊತ್ತಿಗೆ ಅದು ಸಾಲಿನ ಕೊನೆ ಮುಟ್ಟಿ ನಿಂತಿತು. ಅವನು ಎದ್ದ, ಟ್ಯಾಂಕು ಇಳಿಸಿದ, ಒಂದು ಹನಿಯೂ ಚೆಲ್ಲದ ಹಾಗೆ ಅದರ ತಿರುಪು ಬಿಗಿ ಮಾಡಿದ. ಆಮೇಲೆ ನೆಲದ ಮೇಲೆ ಕೂತ. ಅವಳು ಓಡಿದಳು.

"ಅಕ್ಕಾ," ಅಂದ ಅವನು, ಮುಖ ಮೇಲೆತ್ತಿ. "ಮೋಡ ಕವೀತಾ? ಕತ್ತಲಾಯ್ತಲ್ಲ."

ಬಿಸಿಲು ರಣಗುಡುತ್ತಿತ್ತು. ಅವನ ಕಣ್ಣಿನ ಪಾಪೆ ಸೂಜಿ ಮೊನೆಯಷ್ಟಾಗಿತ್ತು.

ಆಸ್ಪತ್ರೆಯಲ್ಲಿ ಮೂರು ದಿನ ಇದ್ದ. ಎರಡನೇ ದಿನ ಸಂಜೆ ಸ್ವಲ್ಪ ಎಚ್ಚರ ಬಂತು. ಅವಳು ಅವನ ಹಣೆಯ ಬೆವರು ಒರೆಸುತ್ತ, ಮೂರು ವಾರದಿಂದ ಎದೆಯಲ್ಲಿ ಕಟ್ಟಿಟ್ಟಿದ್ದನ್ನು ಹೊರಗೆ ಹಾಕಿದಳು. "ಹತ್ತನೇ ಗಿಡ ಬಿಟ್ಟುಬಿಟ್ಟೆ ಕಣೋ. ನಿನಗೆ ಟ್ಯಾಂಕು ತಪ್ಪಲಿ ಅಂತ. ನಾನೇ ನಿನ್ನ ಇಲ್ಲಿ ತಂದು ಮಲಗಿಸ್ದೆ."

ಅವನು ಅವಳತ್ತ ಮುಖ ಹೊರಳಿಸಿದ. ಆಮೇಲೆ, "ನೀನು ಬಾವಿ ಕಡೆಯಿಂದ ಶುರು ಮಾಡಿದ ದಿನಾನೇ ನಂಗೆ ಗೊತ್ತಾಯ್ತು," ಅಂದ.

"ಗೊತ್ತಿತ್ತಾ? ಮತ್ತೆ ಯಾಕೋ ಹೇಳ್ಲಿಲ್ಲ?"

"ಕೈ ನಡುಗ್ತಿರ್ಲಿಲ್ವಲ್ಲ ಅಕ್ಕ. ಊಟ ಸೇರ್ತಿತ್ತು. ಚೆನ್ನಾಗಿತ್ತು." ಉಸಿರು ಎಳೆದುಕೊಂಡ. "ಅರ್ಧ ದಿನದ ಕೆಲಸ ಇತ್ತು ಅದು. ಮಾಡಿ ಮುಗಿಸಿಬಿಡಬೇಕಿತ್ತು ನಾನು."

ಮಾರನೇ ದಿನ ಮಧ್ಯಾಹ್ನ ಅವನು ಹೋದ. ಅವಳು ಅಳಲಿಲ್ಲ ಎಂದು ಜನ ಆಡಿಕೊಂಡರು. ಅತ್ತಳು, ಬಚ್ಚಲಲ್ಲಿ, ಅವನ ಕೋಟನ್ನು ನಾಲ್ಕು ನೀರಿನಲ್ಲಿ ತೊಳೆಯುತ್ತ, ಗಂಟಲು ಹರಿಯುವ ಹಾಗೆ ಅತ್ತಳು.

ಹದಿನೈದು ದಿನದ ಮೇಲೆ ಮೇಸ್ತ್ರಿಯ ಮುಂದೆ ನಿಂತು ಎಲ್ಲವನ್ನೂ ಹೇಳಿದಳು. ಹನ್ನೊಂದನೇ ಗಿಡ, ಬಾವಿ ಕಡೆ, ಡಾಕ್ಟರ ಮಾತು, ಒಂದನ್ನೂ ಬಿಡದೆ. ಮೇಸ್ತ್ರಿಯ ಕಣ್ಣಲ್ಲಿ ನೀರು ಬಂತು.

"ದುಃಖದಲ್ಲಿ ಹಿಂಗೆಲ್ಲ ಅನ್ಸುತ್ತಮ್ಮ," ಅಂದ. "ನೀನು ಲೆಕ್ಕ ತಪ್ಪಿಸೋದಾ? ಯಾರ ಮುಂದಾದ್ರೂ ಹೇಳಿದ್ರೆ ನಗ್ತಾರೆ. ಹೋಗು, ಎರಡು ದಿನ ಮಲಗು, ಎಲ್ಲ ಸರಿಹೋಗುತ್ತೆ."

ಅವಳು ಎಷ್ಟು ಹೇಳಿದರೂ ಅವನು ನಂಬಲಿಲ್ಲ. ಪುಸ್ತಕ ಹಾಗೆಯೇ ಉಳಿಯಿತು, ನಾಲ್ಕು, ಐದು, ಆರು, ಐದು, ಇಪ್ಪತ್ತೇಳು ಎಂದು. ಆ ತಾಕಿನ ಹೂವನ್ನು ಕೊಯ್ದು ಕಟ್ಟು ಕಟ್ಟಿ ಲಾರಿಗೆ ಏರಿಸಿದರು. ಹಾವಿನ ಕಥೆಯನ್ನು ಮೇಸ್ತ್ರಿ ಹೊಸಬರಿಗೆ ಈಗಲೂ ಹೇಳುತ್ತಾನೆ.

ಔಷಧಿ ಹೊಡೆಯಲು ಈಗ ಬೇರೆಯವನು ಬಂದಿದ್ದಾನೆ. ಮೂವತ್ತರ ಆಸುಪಾಸಿನವನು, ಎರಡು ವರ್ಷದ ಮಗಳಿದ್ದಾಳೆ. ಮೊನ್ನೆ ಹತ್ತನೇ ಗಿಡದಕ್ಕ ರಸ್ತೆ ಕಡೆಯಿಂದ ಶುರು ಮಾಡಿ ಮೂವತ್ತನೇ ಗಿಡ ಮುಗಿಸುವ ಹೊತ್ತಿಗೆ, ಅವನು ಬದುವಿನ ಮೇಲೆ ಕಾಯುತ್ತ ನಿಂತಿದ್ದ.

"ಎಷ್ಟಾಯ್ತಕ್ಕ?"

"ಹನ್ನೊಂದು."

ಅವನು ತಲೆ ಕೆರೆದುಕೊಂಡ. "ಎಂಟರೊಳಗೆ ಬರ್ಲಿಲ್ವಾ? ಮೈಯಲ್ಲಿ ಹುಷಾರಿಲ್ಲ ಅಕ್ಕ. ತಲೆ ಸುತ್ತುತ್ತೆ. ಮೇಸ್ತ್ರಿಗೆ ಹೇಳೋಕೆ ಭಯ. ಈ ವಾರ ಒಂದು ಸ್ವಲ್ಪ ನೋಡಿ..."

ಅವಳು ರಟ್ಟನ್ನು ಅವನ ಮುಂದೆ ಹಿಡಿದಳು. ಅದರ ಮೇಲೆ ಹೆಬ್ಬೆರಳಿನ ಕೆಂಪು ಗೆರೆಗಳು ಇನ್ನೂ ಹಸಿಯಾಗಿದ್ದವು.

"ಹನ್ನೊಂದಪ್ಪ," ಅಂದಳು. "ನಡಿ, ಮೇಸ್ತ್ರಿ ಹತ್ರ ಹೋಗೋಣ. ನಿನ್ ತಲೆ ಸುತ್ತೋದನ್ನ ಇಬ್ರೂ ಸೇರಿ ಹೇಳೋಣ. ಯಾರ ಕೈಲಾದ್ರೂ ಇವತ್ತೇ ಹೊಡೆಸಲಿ. ಅರ್ಧ ದಿನದ ಕೆಲಸ."